ವೇಗ, ಬ್ರೇಕು ಮತ್ತು ಮೆಜೆಸ್ಟಿಕ್ ರಸ್ತೆ

ಬೆಂಗಳೂರಿಗೆ ಬಸ್ಸಿನಲ್ಲಿ ಹೋದವರು ಮೆಜೆಸ್ಟಿಕ್ ನೋಡಿರುತ್ತೀರಿ. ಹಿಂದೆ ಅಲ್ಲಿ ಧರ್ಮಾಂಬುಧಿ ಕೆರೆ ಇತ್ತು. ಈಗ ಕೆಂಪೇಗೌಡ ಬಸ್ ನಿಲ್ದಾಣ, ಎದುರಿಗೇ ರೈಲ್ವೆ ಸ್ಟೇಷನ್, ನೆಲದಡಿಯಲ್ಲಿ ಮೆಟ್ರೋ. ಹೀಗಾಗಿ ಗಂಟುಮೂಟೆ ಹೊತ್ತ ಜನ ಸುತ್ತಲಿನ ರಸ್ತೆಗಳನ್ನು ದಾಟುತ್ತಲೇ ಇರುತ್ತಾರೆ. ಸಬ್‌ವೇ ಇದೆಯಲ್ಲಾ ಅಂತೀರಾ? ಇದೆ. ಆದರೆ ಮಂಡಿನೋವಿನ ಅಜ್ಜಿ ಮೆಟ್ಟಿಲು ಇಳಿದು ಹತ್ತುವುದು ಸುಲಭವೇ? ಇಂಥ ಕಡೆ ವಾಹನಗಳೇ ನಿಧಾನವಾಗಬೇಕು. ಎಷ್ಟು ನಿಧಾನ? ಲೆಕ್ಕ ಹಾಕೋಣ.

ಗಂಟೆಗೆ 30 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 8 ಮೀಟರ್. 50 ಕಿ.ಮೀ. ಎಂದರೆ ಸುಮಾರು 14 ಮೀಟರ್. (ನಂಬದವರು 50,000ವನ್ನು 3,600ರಿಂದ ಭಾಗಿಸಿ ನೋಡಿ.) ಅಡ್ಡ ಬಂದವರನ್ನು ಕಂಡ ಚಾಲಕನ ಕಾಲು ಬ್ರೇಕಿನ ಮೇಲೆ ಹೋಗಲು ಒಂದು ಸೆಕೆಂಡು ಬೇಕು ಎಂದುಕೊಳ್ಳಿ. ಅಷ್ಟರಲ್ಲಿ ಗಾಡಿ ಓಡುತ್ತಲೇ ಇರುತ್ತದೆ. ಬ್ರೇಕ್ ಒತ್ತಿದ ಮೇಲೂ ತಕ್ಷಣ ನಿಲ್ಲುವುದಿಲ್ಲ. ಒಣ ರಸ್ತೆಯಲ್ಲಿ ಕಾರು 30ರ ವೇಗದಿಂದ ನಿಲ್ಲಲು ಇನ್ನೂ 5 ಮೀಟರ್, 50ರಿಂದ 14 ಮೀಟರ್ ಬೇಕು. ಬ್ರೇಕಿನ ದೂರ ವೇಗದ ವರ್ಗದಂತೆ ಏರುತ್ತದೆ. ವೇಗ ಎರಡರಷ್ಟಾದರೆ ದೂರ ನಾಲ್ಕರಷ್ಟು!

ಈಗ ನಮ್ಮ ಕಬಡ್ಡಿ ಅಂಕಣ ನೆನೆಯಿರಿ. ಉದ್ದ 13 ಮೀಟರ್. ಒಂದು ತುದಿಯಲ್ಲಿ ಅಜ್ಜಿ, ಇನ್ನೊಂದು ತುದಿಯಲ್ಲಿ ಕಾರು. 30ರಲ್ಲಿ ಬಂದ ಕಾರು 8 ಕೂಡಿಸು 5, ಅಂದರೆ 13 ಮೀಟರಿನಲ್ಲಿ ಅಜ್ಜಿಯ ಸೆರಗಿನ ಹತ್ತಿರ ನಿಂತುಬಿಡುತ್ತದೆ. 50ರಲ್ಲಿ ಬಂದದ್ದು? ಚಾಲಕ ಬ್ರೇಕ್ ಮುಟ್ಟುವ ಮೊದಲೇ ಅಂಕಣ ಮುಗಿದಿರುತ್ತದೆ. ಪೂರ್ತಿ 50ರ ವೇಗದಲ್ಲೇ ಹೊಡೆಯುತ್ತದೆ. ಸುಮಾರು 10 ಮೀಟರ್ ಎತ್ತರದಿಂದ ಬಿದ್ದವರು ನೆಲಕ್ಕೆ ಅಪ್ಪಳಿಸುವುದೂ ಅದೇ ವೇಗದಲ್ಲಿ. ತೆಂಗಿನ ಮರ ನೋಡಿ, ಗೊತ್ತಾಗುತ್ತೆ. ಮಳೆ ಬಂದಾಗ ಬ್ರೇಕಿನ ದೂರ ಇನ್ನೂ ಜಾಸ್ತಿ.

ಆಸ್ಟ್ರಿಯಾ ದೇಶದ ಗ್ರಾಜ್ ನಗರ 1992ರಲ್ಲೇ ಮುಖ್ಯ ರಸ್ತೆ ಬಿಟ್ಟು ಉಳಿದ ಕಡೆ 30ರ ಮಿತಿ ತಂದಿತು. ಜನ, ವಾಹನ ಬೆರೆಯುವ ಕಡೆ 30 ಸಾಕು ಎಂದು 2020ರ ಸ್ಟಾಕ್‌ಹೋಮ್ ಘೋಷಣೆಯೂ ಹೇಳಿದೆ. ನಮ್ಮ 1988ರ ಮೋಟಾರು ವಾಹನ ಕಾಯ್ದೆಯ 112ನೇ ಕಲಮಿನಂತೆ, ಜನರ ಸುರಕ್ಷತೆಗಾಗಿ ಯಾವುದೇ ರಸ್ತೆಗೆ ರಾಜ್ಯ ಸರ್ಕಾರ ಮಿತಿ ಇಳಿಸಿ ಫಲಕ ಹಾಕಿಸಬಹುದು. ಕೆಂಪು ವೃತ್ತದೊಳಗೆ ಅಂಕಿ ಇರುವ ಫಲಕವೇ ಅದು.

ನಿಮಗೊಂದು ಲೆಕ್ಕ: ಕಾರು 40ರಲ್ಲಿ ಬಂದರೆ ಎಲ್ಲಿ ನಿಲ್ಲುತ್ತದೆ? ಉತ್ತರ ಕ್ರಿಕೆಟ್ ಪಿಚ್ಚಿನ ಉದ್ದದಷ್ಟು ಬರಬೇಕು. ಬಾರದಿದ್ದರೆ ವರ್ಗ ಮಾಡುವುದನ್ನು ಮರೆತಿದ್ದೀರಿ.