ಡಾಂಗಲ್‌ನಿಂದ ಕರೆ: ಒಂದು ಸಿಮ್, ಎರಡು ದಾರಿ

ಅಭ್ಯಾಸ ಬೋಧನೆಗೆ ಬರುವ ಪ್ರಶಿಕ್ಷಣಾರ್ಥಿಗಳಿಗೆ ನಾನು ಸೂಚಿಸುವ ಪಾಠಗಳಲ್ಲಿ ‘3ಜಿ ಡಾಂಗಲ್ ಬಳಸಿ ಕಂಪ್ಯೂಟರಿನಿಂದ ಕರೆ’ ಎಂಬುದೂ ಒಂದು. ಸಾಧನ ಹಳೆಯದು, ಆದರೂ ಬಿಡಲು ಮನಸ್ಸಿಲ್ಲ. ‘ಈ ಕರೆ ಯಾವ ದಾರಿಯಲ್ಲಿ ಹೋಗುತ್ತದೆ?’ ಎಂದು ಒಂಬತ್ತನೆಯ ತರಗತಿಯಲ್ಲಿ ಕೇಳಿದರೆ ‘ಇಂಟರ್ನೆಟ್ಟಿನಲ್ಲಿ ಸಾರ್’ ಎನ್ನುತ್ತಾರೆ. ಪ್ರಶಿಕ್ಷಣಾರ್ಥಿಗಳಲ್ಲೂ ಹೆಚ್ಚಿನವರ ಉತ್ತರ ಅದೇ. ಅದನ್ನು ತಿದ್ದುವುದೇ ಪಾಠದ ಉದ್ದೇಶ. ಬಾಯಲ್ಲಿ ಹೇಳಿ ತಿದ್ದಬಾರದು ಎಂಬುದು ನನ್ನ ಒತ್ತಾಯ.

ಎಲ್ಲ ಡಾಂಗಲ್‌ಗಳಲ್ಲೂ ಧ್ವನಿ ಸೌಲಭ್ಯ ಇರುವುದಿಲ್ಲ. ಅದರ ತಂತ್ರಾಂಶದಲ್ಲಿ ಕರೆ ಮಾಡುವ ಗುಂಡಿ ಇದೆಯೇ ಎಂದು ಹಿಂದಿನ ದಿನವೇ ನೋಡಿಕೊಳ್ಳಬೇಕು. ಮೈಕ್ ಇರುವ ಹೆಡ್‌ಫೋನ್ ಸಾಕು.

ಮೊದಲು ಇಂಟರ್ನೆಟ್ ಸಂಪರ್ಕ ಕಡಿದು, ‘ಈಗ ಕರೆ ಹೋಗುತ್ತದೆಯೇ?’ ಎಂದು ಕೇಳಿ. ಉತ್ತರವನ್ನು ಪ್ರತಿಯೊಬ್ಬರೂ ಟಿಪ್ಪಣಿ ಪುಸ್ತಕದಲ್ಲಿ ಬರೆದ ಮೇಲೆಯೇ ಕರೆ ಮಾಡಬೇಕು. ಒಬ್ಬ ಪ್ರಶಿಕ್ಷಣಾರ್ಥಿ ಈ ಹಂತ ಬಿಟ್ಟರು. ಕೊನೆಯ ಬೆಂಚಿನಲ್ಲಿದ್ದ ಫೋನು ರಿಂಗಾದಾಗ ಮಕ್ಕಳು ಚಪ್ಪಾಳೆ ತಟ್ಟಿದರೇ ಹೊರತು ಯಾರಿಗೂ ಆಶ್ಚರ್ಯವಾಗಲಿಲ್ಲ. ತನ್ನ ಊಹೆಯನ್ನು ಬರೆದಿಟ್ಟ ಮಗುವಿಗೆ ಮಾತ್ರ ಅದು ಸುಳ್ಳಾದದ್ದು ಕಾಣುತ್ತದೆ. ಫೋನಿನಲ್ಲಿ ಕಾಣುವುದು ಡಾಂಗಲ್‌ನೊಳಗಿನ ಸಿಮ್ಮಿನ ಸಂಖ್ಯೆಯೇ ಎಂಬುದನ್ನೂ ತೋರಿಸಿ.

ಬಳಿಕ ಒಂದು ದೊಡ್ಡ ಕಡತ ಇಳಿಸಲು ಬಿಟ್ಟು ಕರೆ ಮಾಡಿ. 3ಜಿ ಜಾಲದಲ್ಲಿ ಕಡತ ಇಳಿಯುತ್ತಲೇ ಇರುತ್ತದೆ. ಡಾಂಗಲನ್ನು 2ಜಿಗೆ ಬದಲಿಸಿದರೆ ಮಾತು ಮುಗಿಯುವವರೆಗೆ ಸಾಮಾನ್ಯವಾಗಿ ನಿಂತುಬಿಡುತ್ತದೆ.

ವಿವರಣೆಗೆ ಇನ್ನೊಬ್ಬ ಪ್ರಶಿಕ್ಷಣಾರ್ಥಿ ಕೊಟ್ಟ ಹೋಲಿಕೆ ನನಗೆ ಹಿಡಿಸಿತು: ಕರೆ ಎಂದರೆ ಬಸ್ಸಿನಲ್ಲಿ ಟವೆಲ್ ಹಾಕಿ ಹಿಡಿದ ಸೀಟು. ದತ್ತಾಂಶ ಹಾಗಲ್ಲ, ಸಣ್ಣ ಪೊಟ್ಟಣಗಳಾಗಿ ಜಾಗ ಸಿಕ್ಕಾಗ ಹೋಗುತ್ತದೆ. ‘ಹಾಗಾದರೆ ಸುಮ್ಮನಿದ್ದರೂ ದುಡ್ಡು ಹೋಗುತ್ತದಾ?’ ಎಂದು ಒಬ್ಬ ಹುಡುಗಿ ಕೇಳಿದಳು. ಹೌದು, ಸೀಟು ಹಿಡಿದಾಗಿದೆಯಲ್ಲ!

ಸಮಯವಿದ್ದರೆ ಮೋಡೆಮ್‌ಗೆ ನೇರವಾಗಿ ಆಜ್ಞೆ ಕೊಟ್ಟು ತೋರಿಸಬಹುದು. ‘ಎಟಿಡಿ’, ನಂತರ ಸಂಖ್ಯೆ, ಕೊನೆಗೆ ಅರ್ಧವಿರಾಮ ಚಿಹ್ನೆ. ಆ ಚಿಹ್ನೆ ಇದ್ದರೆ ಧ್ವನಿ ಕರೆ. ಇಲ್ಲದಿದ್ದರೆ ಮೋಡೆಮ್ ಅದನ್ನು ದತ್ತಾಂಶದ ಕರೆ ಎಂದು ತಿಳಿಯುತ್ತದೆ. ಕನ್ನಡ ಪಾಠದಲ್ಲಿ ಲೇಖನ ಚಿಹ್ನೆಗಳನ್ನು ಬೋಧಿಸುವವರು ಈ ಉದಾಹರಣೆಯನ್ನು ಧಾರಾಳವಾಗಿ ಎರವಲು ಪಡೆಯಲಿ. ಕಪ್ಪುಹಲಗೆಗೆ ಒಂದು ಲೆಕ್ಕವೂ ಇದೆ: ಸೆಕೆಂಡಿಗೆ 8,000 ಮಾದರಿ, ತಲಾ 16 ಬಿಟ್ ಎಂದರೆ 1,28,000 ಬಿಟ್. 3ಜಿ ಕರೆಯಲ್ಲಿ ಗಾಳಿಯಲ್ಲಿ ಹೋಗುವ ಧ್ವನಿ ಸಾಮಾನ್ಯವಾಗಿ 12,200 ಬಿಟ್ ಮೀರುವುದಿಲ್ಲ. ಉಳಿದದ್ದು ಎಲ್ಲಿ ಹೋಯಿತು ಎಂದು ಮಕ್ಕಳೇ ಕೇಳುತ್ತಾರೆ. ಮುಂದಿನ ಪಾಠವಾದ ಸಂಕೋಚನಕ್ಕೆ ಅದೇ ಪೀಠಿಕೆ.

ಡೇಟಾ ಪ್ಯಾಕ್ ಮುಗಿದ ಮನೆಯಲ್ಲಿ ಕಾಯಿಲೆ ಬಿದ್ದವರಿಗಾಗಿ ಕರೆ ಮಾಡಬೇಕಾದಾಗ ಈ ತಿಳಿವಳಿಕೆ ಬೇಕಾಗುತ್ತದೆ.

4ಜಿ ಜಾಲದಲ್ಲಿ ಮಾತಿಗೆ ಕಾಯ್ದಿರಿಸಿದ ಹಳೆಯ ದಾರಿ ಇಲ್ಲ. ವೋಲ್ಟ್ ಕರೆಯಲ್ಲಿ ಧ್ವನಿಯೂ ಪೊಟ್ಟಣಗಳಾಗಿಯೇ ಹೋಗುತ್ತದೆ. ಆದರೂ ಫೋನಿನಲ್ಲಿ ಡೇಟಾ ಆರಿಸಿದಾಗ ಕರೆ ಹೋಗುತ್ತದೆ. ಏಕೆ ಎಂಬುದನ್ನು ಅನುಸರಣಾ ಚಟುವಟಿಕೆಯಾಗಿ ಪಾಠಯೋಜನೆಯಲ್ಲಿ ಸೇರಿಸಲು ಈ ವರ್ಷದ ತಂಡಕ್ಕೆ ಹೇಳಿದ್ದೇನೆ.