ಮನೆಯ ಹಲ್ಲಿ: ಭಯವೆಷ್ಟು, ಎಚ್ಚರವೆಷ್ಟು

ಹಲ್ಲಿಯಿಲ್ಲದ ಮನೆ ನಮ್ಮ ದೇಶದಲ್ಲಿ ವಿರಳ. ಕನ್ನಡಿಗರ ಕುಟುಂಬವೊಂದು ಮುಂಬಯಿಯ ಚಾಳಿನಲ್ಲಿ ನೆಲೆಸಲಿ, ದೆಹಲಿಯ ಸರಕಾರಿ ವಸತಿಗೃಹದಲ್ಲಿ ನೆಲೆಸಲಿ, ಸಂಜೆ ದೀಪ ಹೊತ್ತಿದ ಸ್ವಲ್ಪ ಹೊತ್ತಿಗೇ ಗೋಡೆಯ ಮೇಲೆ ಈ ಹಳೆಯ ಪರಿಚಿತ ಜೀವಿ ಪ್ರತ್ಯಕ್ಷವಾಗುತ್ತದೆ. ಮರಾಠಿಯಲ್ಲಿ ಅದು ಪಾಲ್, ತಮಿಳಿನಲ್ಲಿ ಪಲ್ಲಿ, ತೆಲುಗಿನಲ್ಲಿ ಬಲ್ಲಿ, ಹಿಂದಿಯಲ್ಲಿ ಛಿಪ್‌ಕಲಿ. ಹೆಸರುಗಳು ಬೇರೆಯಾದರೂ ಅದನ್ನು ಕುರಿತ ಭೀತಿ ಮಾತ್ರ ಎಲ್ಲೆಡೆ ಒಂದೇ: ಹಲ್ಲಿ ವಿಷಜಂತು, ಅದು ಬಿದ್ದ ಆಹಾರ ಪ್ರಾಣಾಂತಿಕ ಎಂಬುದು.

ಈ ಭೀತಿಗೆ ಆಧಾರವಿಲ್ಲ. ಮನೆಯ ಹಲ್ಲಿಗೆ ವಿಷದ ಹಲ್ಲಾಗಲಿ ವಿಷಗ್ರಂಥಿಯಾಗಲಿ ಇಲ್ಲ. ಅದರ ಚರ್ಮದಲ್ಲಿಯೂ ಬಾಲದಲ್ಲಿಯೂ ವಿಷವಿಲ್ಲ. ಆದರೆ ವಿಷವಿಲ್ಲವೆಂದ ಮಾತ್ರಕ್ಕೆ ಅಪಾಯವೇ ಇಲ್ಲವೆಂದು ಭಾವಿಸಲಾಗದು. ಇತರ ಅನೇಕ ಸರೀಸೃಪಗಳಂತೆ ಹಲ್ಲಿಯ ಕರುಳಿನಲ್ಲಿಯೂ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು. ಅದು ಹಿಕ್ಕೆಯ ಮೂಲಕ ಹೊರಬೀಳುತ್ತದೆ. ತುದಿಯಲ್ಲಿ ಬಿಳಿಯ ಚುಕ್ಕೆಯಿರುವ ಕಪ್ಪು ಹಿಕ್ಕೆ ಅಡುಗೆಕಟ್ಟೆಯ ಮೇಲೋ ತೆರೆದಿಟ್ಟ ಪಾತ್ರೆಯಲ್ಲೋ ಬಿದ್ದರೆ ವಾಂತಿ, ಭೇದಿ, ಜ್ವರಗಳಿಗೆ ಕಾರಣವಾದೀತು. ಎಂದರೆ ಎಚ್ಚರ ಬೇಕಾದುದು ಗೋಡೆಯ ಮೇಲಿನ ಹಲ್ಲಿಯ ವಿಷಯದಲ್ಲಿ ಅಲ್ಲ, ಮುಚ್ಚದೆ ಬಿಟ್ಟ ಅನ್ನದ ವಿಷಯದಲ್ಲಿ.

ಶಾಲೆಯ ಬಿಸಿಯೂಟದಲ್ಲಿಯೋ ಸಮಾರಂಭದ ಸಾರಿನಲ್ಲಿಯೋ ಹಲ್ಲಿ ಕಂಡುಬಂದು ಮಕ್ಕಳು ಅಸ್ವಸ್ಥರಾದ ವಾರ್ತೆಗಳು ಆಗಾಗ ಪತ್ರಿಕೆಗಳಲ್ಲಿ ಬರುತ್ತಿರುತ್ತವೆ. ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಸಾಲ್ಮೊನೆಲ್ಲಾ ಸೋಂಕಿನ ಲಕ್ಷಣಗಳು ತೋರಲು ಸಾಮಾನ್ಯವಾಗಿ ಕನಿಷ್ಠ 6 ಗಂಟೆಗಳಾದರೂ ಬೇಕು. ಒಂದೆರಡು ದಿನಗಳೂ ಹಿಡಿಯಬಹುದು. ಹಲ್ಲಿಯನ್ನು ಕಂಡ ಐದು ನಿಮಿಷಗಳಲ್ಲೇ ಪಂಕ್ತಿಯ ಮಕ್ಕಳೆಲ್ಲ ವಾಂತಿ ಮಾಡತೊಡಗಿದರೆ ಅದರಲ್ಲಿ ಅಸಹ್ಯ ಹಾಗೂ ಭಯಗಳ ಪಾಲೇ ಹೆಚ್ಚೆಂದು ಊಹಿಸಬಹುದು. ಹಾಗೆಂದು ಉದಾಸೀನ ಸಲ್ಲದು. ಆ ಆಹಾರವನ್ನು ಪೂರ್ಣವಾಗಿ ಚೆಲ್ಲಬೇಕು. ಹಲ್ಲಿಯನ್ನು ತೆಗೆದು ಮತ್ತೆ ಕುದಿಸಿ ಬಡಿಸುವುದು ಸರಿಯಲ್ಲ. ತಿಂದವರಿಗೆ ಧೈರ್ಯ ಹೇಳಬೇಕು. ಉಪ್ಪುನೀರು ಕುಡಿಸಿ ಬಲವಂತದಿಂದ ವಾಂತಿ ಮಾಡಿಸುವ ರೂಢಿಯನ್ನು ಬಿಡಬೇಕು; ಅದು ಮಕ್ಕಳಿಗೆ ಅಪಾಯಕರ. ವಾಂತಿ-ಭೇದಿ ಆರಂಭವಾದರೆ ಓ.ಆರ್.ಎಸ್. ದ್ರಾವಣ ಕೊಡುತ್ತ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಎಳೆಯ ಮಕ್ಕಳು, ಗರ್ಭಿಣಿಯರು, ವೃದ್ಧರ ವಿಷಯದಲ್ಲಿ ತಡ ಮಾಡಬಾರದು.

ಅಷ್ಟು ಬಿಗಿಯಾಗಿ ಗೋಡೆ ಹಿಡಿಯುವ ಹಲ್ಲಿ ಬೀಳುವುದಾದರೂ ಏಕೆ? ಅದರ ಬೆರಳುಗಳ ಕೆಳಗೆ ಅಂಟಿಲ್ಲ, ಹೀರುಬಟ್ಟಲೂ ಇಲ್ಲ. ಪದರಪದರವಾಗಿ ಅಸಂಖ್ಯಾತ ಸೂಕ್ಷ್ಮ ರೋಮಗಳಿದ್ದು, ಒಂದೊಂದು ರೋಮದ ತುದಿಯೂ ಮತ್ತೆ ನೂರಾರು ಎಳೆಗಳಾಗಿ ಕವಲೊಡೆದಿರುತ್ತದೆ. ಈ ಎಳೆಗಳಿಗೂ ಗೋಡೆಗೂ ನಡುವೆ ಅಣುಗಳ ಮಟ್ಟದಲ್ಲಿ ಉಂಟಾಗುವ ಆಕರ್ಷಣೆಯೇ ಹಿಡಿತಕ್ಕೆ ಕಾರಣವೆಂಬುದನ್ನು ವಿಜ್ಞಾನಿಗಳು 2002ರಲ್ಲಿ ಪ್ರಯೋಗದಿಂದ ತೋರಿಸಿಕೊಟ್ಟರು. ಮೇಲ್ಮೈ ನೀರಿನಿಂದ ತೊಯ್ದಿದ್ದರೆ ಈ ಹಿಡಿತ ಸಡಿಲವಾಗುತ್ತದೆ. ಕೀಟದ ಮೇಲೆ ಎರಗುವಾಗ, ಎರಡು ಗಂಡುಗಳು ಕಾದಾಡುವಾಗ ಕಾಲು ತಪ್ಪುವುದೂ ಉಂಟು. ಆದುದರಿಂದ ಹಬೆಯಾಡುವ ಒಲೆಯ ನೇರ ಮೇಲೆ ದೀಪವಿದ್ದು ಅದರ ಸುತ್ತ ಹುಳುಗಳು ಮುತ್ತುವಂತಿದ್ದರೆ, ಆ ದೀಪದ ಸ್ಥಾನವನ್ನು ಬದಲಿಸುವುದು ಲೇಸು.

ಹಲ್ಲಿಯಿಂದ ಪ್ರಯೋಜನವೂ ಇದೆ. ಪತಂಗ, ನೊಣ, ಸೊಳ್ಳೆ, ಜಿರಲೆಯ ಮರಿ, ಮಳೆಗಾಲದಲ್ಲಿ ದೀಪಕ್ಕೆ ಮುತ್ತುವ ರೆಕ್ಕೆಗೆದ್ದಲು, ಇವೆಲ್ಲ ಅದರ ಆಹಾರ. ಆದರೆ ಹಲ್ಲಿಯಿದೆಯೆಂದು ಸೊಳ್ಳೆಪರದೆಯನ್ನು ಮಡಿಸಿಡುವಂತಿಲ್ಲ. ಉತ್ತರ ಭಾರತದ ಮನೆಗಳಲ್ಲಿ ಹಳದಿ ಹೊಟ್ಟೆಯ ದೊಡ್ಡ ಜಾತಿ ಸಾಮಾನ್ಯ. ದಕ್ಷಿಣದಲ್ಲಿ ಬಾಲದ ಮೇಲೆ ಪುಟ್ಟ ಮುಳ್ಳುಗಳಿದ್ದು ಲೊಚಗುಟ್ಟುವ ಜಾತಿ ಹೆಚ್ಚು. ದೆಹಲಿಯ ಚಳಿಗಾಲದಲ್ಲಿ ಅವು ಸಂದಿಗಳಲ್ಲಿ ಅಡಗುವುದರಿಂದ ಕಾಣಿಸುವುದೇ ಅಪರೂಪ.

ಲೊಚಗುಟ್ಟುವಿಕೆ ಹಲ್ಲಿಗಳು ತಮ್ಮತಮ್ಮೊಳಗೆ ನೀಡುವ ಸೂಚನೆ. ನಮ್ಮವರು ಅದರಲ್ಲಿ ಶಕುನವನ್ನು ಕಂಡರು. ಪಂಚಾಂಗಗಳು ಹಲ್ಲಿ ಮೈಮೇಲೆ ಬಿದ್ದ ಫಲವನ್ನು ಅಂಗಾಂಗವಾರು ವಿವರಿಸುತ್ತವೆ. ಕಾಂಚೀಪುರದ ವರದರಾಜ ದೇವಾಲಯದಲ್ಲಿ ಚಿನ್ನ ಬೆಳ್ಳಿಯ ಹಲ್ಲಿಗಳನ್ನು ಮುಟ್ಟಿ ಬರುವ ಭಕ್ತರಲ್ಲಿ ಕನ್ನಡಿಗರೂ ಬಹುಮಂದಿ. ನಂಬಿಕೆ ಅವರವರಿಗೆ ಬಿಟ್ಟದ್ದು. ಮೈಮೇಲೆ ಬಿದ್ದ ಹಲ್ಲಿಗೆ ಸಾಬೂನು ನೀರಿನಿಂದ ತೊಳೆದುಕೊಂಡರೆ ಸಾಕು.

ಹಲ್ಲಿಯನ್ನು ಓಡಿಸಲು ಮೊಟ್ಟೆಯ ಚಿಪ್ಪು, ನವಿಲುಗರಿಗಳನ್ನಿಡುವುದು ನಿರುಪದ್ರವಿ ರೂಢಿ. ನುಸಿಗುಳಿಗೆ ಹಾಗಲ್ಲ. ಮಿಠಾಯಿಯೆಂದು ಭ್ರಮಿಸಿ ಮಗು ಅದನ್ನು ನುಂಗಿದರೆ ರಕ್ತಕಣಗಳು ಒಡೆದು ಪ್ರಾಣಕ್ಕೆ ಸಂಚಕಾರ ಬರಬಹುದು. ಇಲ್ಲದ ವಿಷಕ್ಕೆ ಹೆದರಿ ನಿಜವಾದ ವಿಷವನ್ನು ಅಡುಗೆಮನೆಗೆ ತರುವುದು ವಿವೇಕವೆನಿಸದು. ಅಂಟುಹಲಗೆಗೆ ಸಿಕ್ಕ ಹಲ್ಲಿ ದಿನಗಟ್ಟಲೆ ನರಳಿ ಸಾಯುತ್ತದೆ. ಕಿಟಕಿಗೆ ಸಣ್ಣ ಕಣ್ಣಿನ ಜಾಲರಿ, ಗೋಡೆಯ ಬಿರುಕಿಗೆ ಸಿಮೆಂಟು, ರಾತ್ರಿ ಎಂಜಲುಪಾತ್ರೆ ಉಳಿಸದ ಅಭ್ಯಾಸ, ಇಷ್ಟರಿಂದ ಹುಳುಗಳು ಕಡಿಮೆಯಾಗಿ ಹಲ್ಲಿಗಳೂ ತಾವಾಗಿಯೇ ವಿರಳವಾಗುತ್ತವೆ.

ಹೊರಗೆ ಬಿಡಲೇಬೇಕಾದರೆ ಅಗಲ ಬಾಯಿಯ ಡಬ್ಬಿಯನ್ನು ಅದರ ಮೇಲೆ ಕವುಚಿ, ಅಡಿಯಲ್ಲಿ ದಪ್ಪ ಕಾಗದ ತೂರಿಸಿ ಒಯ್ಯಬಹುದು. ಬಾಲ ಹಿಡಿಯಬಾರದು. ಹಿಡಿದರೆ ಬಾಲ ಕಳಚಿ ಒದ್ದಾಡುತ್ತದೆ, ಹಲ್ಲಿ ಪಾರಾಗುತ್ತದೆ; ಬಾಲದಲ್ಲಿ ಕೂಡಿಟ್ಟ ಕೊಬ್ಬು ಮಾತ್ರ ಅದಕ್ಕೆ ನಷ್ಟ. ಮತ್ತೆ ಬೆಳೆಯುವ ಬಾಲದಲ್ಲಿ ಎಲುಬಿನ ಕೀಲುಗಳಿರುವುದಿಲ್ಲ, ಮೃದ್ವಸ್ಥಿಯ ಕಡ್ಡಿಯಿರುತ್ತದೆ. ಸುಣ್ಣ ಬಳಿಯುವಾಗ ಪಟದ ಹಿಂದೆ ಬಟಾಣಿಗಿಂತ ತುಸು ದೊಡ್ಡದಾದ ಎರಡು ಬಿಳಿ ಮೊಟ್ಟೆಗಳು ಸಿಕ್ಕರೆ ಅವು ಹಲ್ಲಿಯವೇ. ಮಗ್ಗುಲು ಬದಲಿಸದೆ ಎತ್ತಿ ಹೊರಗಿನ ಒಣ ಸಂದಿಯಲ್ಲಿಟ್ಟರೆ, ಇಟ್ಟ ದಿನದಿಂದ ಸುಮಾರು ಒಂದೂವರೆ ಎರಡು ತಿಂಗಳಿಗೆ ಮರಿಗಳು ಹೊರಬರುತ್ತವೆ.