ಮುಟ್ಟಿದರೆ ಉರಿಯುವ ಕಾಲು: ಮಿಹಾನಿನ ಮಕ್ಕಳಿಗೆ ಕಿವಿಮಾತು

ಊರು ಬಿಟ್ಟು ನಾಗಪುರದ ಮಿಹಾನ್ ಕೈಗಾರಿಕಾ ವಲಯಕ್ಕೆ ದುಡಿಯಲು ಹೋಗಿರುವ ಮಕ್ಕಳೇ, ಮೊಣಕಾಲ ಕೆಳಗೆ ಗಾಯವಿಲ್ಲ, ಗುಳ್ಳೆಯಿಲ್ಲ, ಆದರೂ ಪ್ಯಾಂಟು ಸೋಕಿದರೆ ಚುರುಗುಟ್ಟುತ್ತದೆ, ರಾತ್ರಿ ಹೊದಿಕೆಯೂ ತಾಗಬಾರದು ಅನ್ನಿಸುತ್ತದೆಯೇ? ಹಾಗಿದ್ದರೆ ಕೇಳಿ.

• ಕಣ್ಣಿಗೆ ಕಾಣದ್ದು ಭ್ರಮೆಯಲ್ಲ. ಚರ್ಮದೊಳಗಿನ ಸಣ್ಣ ನರತಂತುಗಳು ಕೆಟ್ಟರೆ ಹೀಗೇ ಆಗುತ್ತದೆ. ನರ್ವ್ ಕಂಡಕ್ಷನ್ ಪರೀಕ್ಷೆ ಅಳೆಯುವುದು ದೊಡ್ಡ ನರಗಳನ್ನು. ಅದು ನಾರ್ಮಲ್ ಬಂದ ಮಾತ್ರಕ್ಕೆ ‘ನಿನಗೇನೂ ಇಲ್ಲ’ ಎಂದರೆ ಒಪ್ಪಿಕೊಂಡು ಸುಮ್ಮನಾಗಬೇಡಿ.

• ಸ್ನಾನವಾದ ಮೇಲೆ ಕೂತು, ಹತ್ತಿಯ ಎಳೆಯಿಂದ ಪಾದದಿಂದ ಮೇಲಕ್ಕೆ ಮೆಲ್ಲಗೆ ಸವರಿ. ಉರಿ ಎಲ್ಲಿ ನಿಲ್ಲುತ್ತದೋ ಅಲ್ಲಿ ಬಾಲ್‌ಪೆನ್ನಿನಿಂದ ಗೆರೆ ಎಳೆದು ಫೋಟೋ ತೆಗೆದಿಡಿ. ವಾರ ಬಿಟ್ಟು ಮತ್ತೆ ನೋಡಿ. ವೈದ್ಯರಿಗೆ ಹಿಂದಿಯಲ್ಲಿ ಬರೀ ‘ದರ್ದ್’ (ನೋವು) ಎನ್ನದೆ, ಮುಟ್ಟಿದರೆ ‘ಜಲನ್’ (ಉರಿ) ಎಂದೇ ಹೇಳಿ.

• ಮೊದಲು ರಕ್ತ ಪರೀಕ್ಷೆ. ಎಚ್‌ಬಿಎ1ಸಿ 6.5 ಮುಟ್ಟಿದರೆ ಸಕ್ಕರೆ ಕಾಯಿಲೆ, 5.7ರಿಂದ 6.4ರ ಗಡಿಯಲ್ಲೇ ನರ ಕೆಡಲು ಶುರುವಾಗಬಹುದು. ಮಾಂಸ ಮೊಟ್ಟೆ ಮುಟ್ಟದವರಲ್ಲಿ, ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುವವರಲ್ಲಿ ಬಿ12 ಕುಸಿಯಬಹುದು. ಥೈರಾಯ್ಡನ್ನೂ ನೋಡಿಸಿ. ಮೆಡಿಕಲ್ ಶಾಪಿನ ವಿಟಮಿನ್ ಮಾತ್ರೆಗಳನ್ನು ನೀವೇ ತಿಂಗಳುಗಟ್ಟಲೆ ನುಂಗಬೇಡಿ. ಬಿ6 ಅತಿಯಾದರೆ ಅದೇ ನರವನ್ನು ಕೆಡಿಸುತ್ತದೆ.

• ಎರಡೂ ಪಾದಗಳಿಂದ ಮೇಲೇರುವ ಉರಿ ಬೇರೆ, ಒಂದೇ ಕಾಲಿನದು ಬೇರೆ. ಒಂದು ಬದಿಯಲ್ಲಿ ಪಟ್ಟಿಯಂತೆ ಉರಿದು ಆಮೇಲೆ ಗುಳ್ಳೆ ಎದ್ದರೆ ಸರ್ಪಸುತ್ತು. ಗುಳ್ಳೆ ಎದ್ದ 72 ಗಂಟೆಯೊಳಗೆ ವೈದ್ಯರು ಬರೆದುಕೊಡುವ ವೈರಸ್ ನಿರೋಧಕ ಮಾತ್ರೆ ಶುರುವಾದರೆ ಒಳ್ಳೆಯದು.

• ಒಂದೇ ಮೀನಖಂಡ ಊದಿ ಬಿಸಿಯಾಗಿ ನೋಯುತ್ತಿದ್ದರೆ, ಅದರಲ್ಲೂ ದೂರ ಪ್ರಯಾಣ ಮಾಡಿ ಬಂದ ಮೇಲೆ, ತಿಕ್ಕಬೇಡಿ. ರಕ್ತ ಹೆಪ್ಪುಗಟ್ಟಿರಬಹುದು. ಅದೇ ದಿನ ತುರ್ತು ವಿಭಾಗಕ್ಕೆ ಹೋಗಿ. ಜ್ವರದ ಜತೆ ಕೆಂಪು ಹರಡುತ್ತಿದ್ದರೂ ಕಾಯಬೇಡಿ.

• ಬಿಸಿ ನೀರಿನ ಚೀಲ, ಮಂಜುಗಡ್ಡೆ ಎರಡೂ ಬೇಡ. ಸಂವೇದನೆ ಕೆಟ್ಟ ಚರ್ಮಕ್ಕೆ ಸುಟ್ಟದ್ದೇ ತಿಳಿಯದಿರಬಹುದು. ನಾಗಪುರದ ಮೇ ತಿಂಗಳು 45 ಡಿಗ್ರಿ ದಾಟುವುದುಂಟು, ನಿಜ. ಆದರೂ ರಾತ್ರಿಯಿಡೀ ಕಾಲಿಗೇ ಕೂಲರ್ ಗಾಳಿ ಬಿಟ್ಟುಕೊಂಡು ಮಲಗಬೇಡಿ. ಸಡಿಲ ಹತ್ತಿ ಬಟ್ಟೆ, ತೆಳುವಾಗಿ ಕೊಬ್ಬರಿ ಎಣ್ಣೆ, ಇಷ್ಟು ಸಾಕು.

• ನಾಗಪುರವಿರುವ ವಿದರ್ಭದಲ್ಲಿ ನರಗಳನ್ನೂ ಕೆಡಿಸುವ ಕುಷ್ಠ ಇನ್ನೂ ಇದೆ. ಸಮಾಜಸೇವಕ ಬಾಬಾ ಆಮ್ಟೆಯವರು ವರೋರಾದಲ್ಲಿ ಆನಂದವನ ಆಶ್ರಮ ಕಟ್ಟಿದ್ದು ಆ ರೋಗಿಗಳಿಗಾಗಿಯೇ. ಬಣ್ಣ ಮಾಸಿದ, ಸ್ಪರ್ಶ ತಿಳಿಯದ ಮಚ್ಚೆ ಕಂಡರೆ ನಾಚಿಕೆಪಡದೆ ತೋರಿಸಿ. ಪೂರ್ತಿ ವಾಸಿಯಾಗುತ್ತದೆ, ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಉಚಿತ.

• 2022ರ ಡಿಸೆಂಬರ್ 11ರಂದು ಉದ್ಘಾಟನೆಯಾದ ಏಮ್ಸ್ ಆಸ್ಪತ್ರೆ ಮಿಹಾನ್ ಒಳಗೇ ಇದೆ. ಹಳೆಯ ರಿಪೋರ್ಟು, ನುಂಗುವ ಮಾತ್ರೆಗಳ ಪಟ್ಟಿ, ಗೆರೆ ಎಳೆದ ಕಾಲಿನ ಫೋಟೋ ಹಿಡಿದು ಮೊದಲು ಮೆಡಿಸಿನ್ ಒಪಿಡಿಗೆ ಹೋಗಿ. ಆಫೀಸಿಗೆ ಅರ್ಧ ದಿನ ರಜೆ ಹಾಕಿ ಈ ವಾರವೇ ಹೋಗಿ ಬನ್ನಿ.